ಗಂಟೆ ಹೊಡೆಯುವ ಕೆಲಸ

ಮಂಗಳವಾರ, ಮಾರ್ಚ್ ೧೧

‘ಉಸಿರು ಕೊಟ್ಟೆ, ಗಾಜಾಯಿತು’ ಎಂದೇನೋ ಪದ್ಯದ ಒಂದು ಸಾಲು. ಗಾಜಾಯಿತೋ, ಹೂವಾಯಿತೋ, ನೆನಪಾಗುತ್ತಿಲ್ಲ. ಬರೆದವರು ಯಾರೋ, ಕುಲುಮೆಯ ಮುಂದೆ ನಿಂತವರಂತೂ ಅಲ್ಲ. ಕೊಟ್ಟವನ ಗತಿ ಏನಾಯಿತೆಂದು ಆ ಸಾಲು ಹೇಳುವುದೇ ಇಲ್ಲ.

ಊರಿನ ಸುದ್ದಿಪುಟವನ್ನು ಫೋನಿನಲ್ಲಿ ದಿನವೂ ನೋಡುತ್ತೇನೆ. ಸ್ವಂತ ಅಣ್ಣನ ಸುದ್ದಿ ನನಗೆ ಸಿಕ್ಕಿದ್ದೂ ಅಲ್ಲೇ. ಮುಚ್ಚಿಹೋದ ಗಾಜಿನ ಕಾರ್ಖಾನೆ ಈಗ ಮ್ಯೂಸಿಯಂ. ಭಾನುವಾರದಿಂದ ಅಲ್ಲಿ ಕರಗಿದ ಗಾಜನ್ನು ಕೊಳವೆಯಿಂದ ಊದಿ ತೋರಿಸುತ್ತಾರಂತೆ. ಊದುವವನು ಹೊರಗಿನಿಂದ ಬಂದ ಕಲಾವಿದ. ಮೂವತ್ತು ವರ್ಷ ಅದೇ ಕುಲುಮೆಯಲ್ಲಿ ಊದಿ ಊದಿ ಕೆನ್ನೆ ಜೋತುಬಿದ್ದಿರುವ ಅಣ್ಣ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿ ಜನರನ್ನು ಕರೆಯಬೇಕು. ಫೋಟೋದಲ್ಲಿ ತಲೆಗೊಂದು ಹೊಸ ಟೋಪಿ ಬೇರೆ.

ಫೋನ್ ಮಾಡಿ, “ಇದಕ್ಕೆ ಹೇಗೆ ಒಪ್ಪಿಕೊಂಡೆ?” ಎಂದೆ.

“ಒಳಗೆ ಬಿಟ್ಟುಕೊಂಡರಲ್ಲ, ಸಾಕು ಬಿಡೇ. ದಿನಾ ಒಂದ್ಸಲ ಬೆಂಕಿ ಮುಖ ನೋಡಬಹುದು.”

ಆ ‘ಸಾಕು’ ನನಗೆ ಸಾಕಾಗಲಿಲ್ಲ. ಮ್ಯೂಸಿಯಂನವರನ್ನು ಬೈಯೋಣವೆಂದರೆ ಇವನೇ ನಗುತ್ತಾ ಟೋಪಿ ಹಾಕಿಸಿಕೊಂಡು ನಿಂತಿದ್ದಾನೆ.

ನನ್ನ ಫೋನಿನ ಮಾತು ಗೋಡೆಯಾಚೆ ಕೇಳಿಸಿತ್ತೇನೋ, ಸಂಜೆ ಪಕ್ಕದ ಮನೆಯವರು ಕೊಡೆ ವಾಪಸು ಕೊಡಲು ಬಂದವರು ಬಾಗಿಲಲ್ಲೇ ನಕ್ಕರು: “ಏನ್ರೀ, ನಿಮ್ಮಣ್ಣ ಊದೋದನ್ನ ಕೊಟ್ಟು ಬಾರಿಸೋದನ್ನ ತಗೊಂಡ್ರಂತೆ!”