ವಿಂಡೋಸ್ ಕೊಟ್ಟು ಆಪಲ್ ತಂದ ಅಪ್ಪನಿಗೆ

ಅಪ್ಪಾ,

ಬೆಳಿಗ್ಗೆ ನನ್ನ ಮೇಜಿನ ಮೇಲೆ ಹೊಸ ಆಪಲ್ ಲ್ಯಾಪ್‌ಟಾಪ್ ನೋಡಿದೆ. ನಾನು ಮನೆ ಪ್ಲಾನ್ ಬರೆಯುವ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಇದರಲ್ಲಿ ಹಾಕಲು ಬರುವುದೇ ಇಲ್ಲ! ಹಳೆಯದನ್ನು ನೀನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟೆ ಎಂದು ಅಮ್ಮ ಹೇಳಿದಳು. ಕುದೇರಿನ ಶಿವರುದ್ರಮ್ಮನವರ ಮನೆ ಪ್ಲಾನ್ ಅದರೊಳಗೇ ಇದೆ. ನಾಳೆ ಅವರು ಪಾಯ ತೆಗೆಯುತ್ತಾರೆ.

ಚಾಮರಾಜನಗರದ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ ಕಿರುಚಿದೆ. ಅಲ್ಲಿನ ಸೋಮೇಶ್, "ಇನ್ನೂ ಏನೂ ಅಳಿಸಿಲ್ಲ ಕಣಕ್ಕ, ಬಂದ್ ತಕೊಂಡೋಗಿ" ಎಂದ. ಹೋದ ಜೀವ ಬಂತು. ಆಮೇಲೆ ಅವನೇ, "'ನನ್ ಮಗ್ಳು ಮನೆ ಪ್ಲಾನ್ ಬರೀತಾಳೆ ಕಣ್ಲಾ, ಇರೋದ್ರಲ್ಲಿ ಒಳ್ಳೇದ್ ಕೊಡು' ಅಂತ ನಿಮ್ಮಪ್ಪಾರು ಬಂದೋರ್ಗೆಲ್ಲಾ ಕೇಳಂಗೆ ಯೋಳುದ್ರು" ಎಂದ.

ಈಗ ಬಸ್ಸಿಗೆ ಓಡುತ್ತಿದ್ದೇನೆ. ಹೊಸದನ್ನು ವಾಪಸ್ ಕೊಡಲು ಚೀಲದಲ್ಲಿ ಹಾಕಿಕೊಂಡಿದ್ದೇನೆ, ಮೇಜು ಖಾಲಿಯಿದೆ ಎಂದು ಗಾಬರಿಯಾಗಬೇಡ. ಈರುಳ್ಳಿ ಮಂಡಿಯಿಂದ ಬಂದವನೇ ಉಪ್ಪಿಟ್ಟು ತಿನ್ನು. ನನ್ನನ್ನು ತಡೆಯಲಿಲ್ಲ ಎಂದು ಅಮ್ಮನ ಮೇಲೆ ರೇಗಬೇಡ.

ಇನ್ನೊಂದು ಸಲ ಅಂಗಡಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ಸೋಮೇಶನಿಗೆ ಹೇಳಿದ ಮಾತನ್ನು ನನ್ನೆದುರಿಗೂ ಒಮ್ಮೆ ಹೇಳು.

ನಯನಾ