ದೂರದ ಕಾಗೆ

ಬೀಚ್ ಮರದ ತೋಪಿನ ಮನೆ, ನಾರ್ತಂಬರ್‌ಲ್ಯಾಂಡ್
೨೪ ಜೂನ್ ೧೯೯೬

ಪ್ರೀತಿಯ ವಿಲ್ಫ್,

ನಿನ್ನ ತಮ್ಮನ ಮನೆಯ ಸಮುದ್ರದ ಗಾಳಿ ಮೈಗೆ ಒಗ್ಗಿದೆ ಅಂದುಕೊಂಡಿದ್ದೇನೆ. ಒಗ್ಗದಿದ್ದರೆ ನನಗೆ ಇನ್ನೂ ಸಂತೋಷ. ಹೋಗುವಾಗ ನೀನು ಟೋಪಿ ತೆಗೆದುಕೊಂಡೆ, ನಾಯಿಯನ್ನೂ ಕರೆದುಕೊಂಡೆ, ಹೆಂಡತಿಗೊಂದು ಮಾತು ಹೇಳಿ ಹೋಗೋಣ ಅಂತ ಮಾತ್ರ ನಿನಗೆ ಅನ್ನಿಸಲಿಲ್ಲ. ಇರಲಿ, ಜಗಳಕ್ಕೆ ಕೂತರೆ ಕಾಗದ ಸಾಲದು.

ಒಂದು ಸುದ್ದಿಯಿದೆ. ನಿನ್ನ ಜಾಗಕ್ಕೆ ಒಬ್ಬ ಬಂದಿದ್ದಾನೆ. ಡೆರೆಕ್ ಅಂತ ಹೆಸರು, ದಕ್ಷಿಣದ ಸಫೋಕ್ ಕಡೆಯವನು, ಸದ್ಯಕ್ಕೆ ಪರೀಕ್ಷೆಗೆ ಇಟ್ಟಿದ್ದಾರೆ. ಧಣಿಗಳು ನಮ್ಮ ಬಾಗಿಲಲ್ಲೇ ನಿಂತು ಹೇಳಿಹೋದರು. "ನೋಡಮ್ಮ ನೋರಾ, ಸುಗ್ಗಿಯೊಳಗೆ ವಿಲ್ಫ್ ಬಂದು ಬೋನುಗಳ ಸುತ್ತು ಶುರುಮಾಡಿದ್ರೆ ಸರಿ. ಇಲ್ಲಾಂದ್ರೆ ಮನೆ ಹೊಸಬನಿಗೆ ಬಿಡಬೇಕಾಗುತ್ತೆ. ನಂಗೂ ಬೇರೆ ದಾರಿಯಿಲ್ಲ," ಅಂದರು. ಧಣಿಗಳ ಬೇಟೆಹಕ್ಕಿ ಕಾಯುವ ಕೆಲಸದ ಜೊತೆ ಬಂದ ಮನೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಆಮೇಲೆ ನಾನೆಲ್ಲಿಗೆ ಹೋಗಲಿ ಅಂತ ನೀನು ಯೋಚಿಸಿದ್ದೀಯಾ? ನಿನ್ನ ತಮ್ಮನ ಹೆಂಡತಿಗೂ ನನಗೂ ಎಣ್ಣೆ ಸೀಗೆಕಾಯಿ ಅನ್ನುವುದು ನಿನಗೆ ಗೊತ್ತೇ ಇದೆ.

ಡೆರೆಕ್ ನಿನ್ನ ಮಳೆಕೋಟನ್ನೇ ಹಾಕಿಕೊಳ್ಳುತ್ತಾನೆ. ಒಲೆಯ ಪಕ್ಕದ ನಿನ್ನ ಕುರ್ಚಿಯಲ್ಲೇ ಕೂರುತ್ತಾನೆ. ಮುಂಗುಸಿಯಂಥ ಸ್ಟೋಟ್ ಹಿಡಿಯಲು ಕಲ್ಲುಗೋಡೆಯ ಬುಡದಲ್ಲಿ ನೀನು ಕಟ್ಟಿದ ಬೋನಿನ ಸುರಂಗಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದಾನೆ. "ಬಾಯಿ ಇಷ್ಟಗಲ ಬಿಟ್ರೆ ಸ್ಟೋಟ್ ಏನು, ನಮ್ಮೂರ ಪಾದ್ರಿನೂ ನುಗ್ತಾನೆ. ನಿಮ್ಮ ಯಜಮಾನ್ರು ಕಟ್ಟಿದ್ದು ಸುರಂಗನೋ ಹಂದಿಗೂಡೋ?" ಅಂತ ನಗುತ್ತಾನೆ. ನಾನು ನಿನ್ನ ಪರವಾಗಿ ಬಾಯಿಮಾಡಿದೆ. ಇಂಥ ಸುರಂಗಗಳಲ್ಲೇ ನಿಮ್ಮಪ್ಪನ ಕಾಲದಿಂದ ಸ್ಟೋಟ್ ಬೀಳುತ್ತಿದೆ ಅಂದೆ. "ಹಂಗಾದ್ರೆ ಆ ಗೂಡು ಯಾಕೆ ಹಾಳಾಯ್ತು?" ಅಂದುಬಿಟ್ಟ.

ಆ ಗೂಡಿನ ಮಾತು ನಾವಿಬ್ಬರೂ ಆಡಲೇ ಇಲ್ಲ, ಈಗ ಆಡುತ್ತೇನೆ. ಈ ನೆಲದಲ್ಲಿ ಉಳಿದಿದ್ದ ಒಂದೇ ಒಂದು ಹೆಣ್ಣು ಕೌಜುಗ ಕಾವು ಕೂತಿತ್ತು, ಮೊಟ್ಟೆ ಬಿರಿಯುವ ಹೊತ್ತು. ಪಕ್ಕದ ಸುರಂಗದಲ್ಲಿ ಬೋನು ಇಟ್ಟವನು ನೀನು. ಇಡುವಾಗ ಬೆರಳು ಕತ್ತರಿಸಿ ಹೋಗದಿರಲೆಂದು ಸಿಕ್ಕಿಸುವ ಕೊಕ್ಕೆಯನ್ನು ಎತ್ತಲು ಮರೆತವನೂ ನೀನೇ. ಆ ಕಂದು ಕಳ್ಳ ಸ್ಟೋಟ್ ಸಿಡಿಯದ ಬೋನನ್ನು ತುಳಿದುಕೊಂಡೇ ದಾಟಿಹೋಗಿ ತಾಯಿಯ ಕತ್ತು ಕಚ್ಚಿತು. ಬೋನಿನ ಮೇಲಿನ ಕೆಸರುಹೆಜ್ಜೆಯನ್ನು ನನಗೆ ಕರೆದೊಯ್ದು ತೋರಿಸಿದವನೂ ನೀನೇ. ಧಣಿಗಳು ಬೈಯಲಿಲ್ಲ, "ನಿಂಗೀಗ ವಯಸ್ಸೆಷ್ಟಾಯ್ತು ವಿಲ್ಫ್?" ಅಂತ ಕೇಳಿದರು. ಬೈದಿದ್ದರೆ ನೀನು ಉಳಿಯುತ್ತಿದ್ದೆ. ನನಗೆ ಆ ಧಣಿಯ ಮೇಲೆ ಇವತ್ತಿಗೂ ಸಿಟ್ಟಿದೆ.

ಗಂಡು ಕೌಜುಗ ಬಾರ್ಲಿ ಹೊಲದಲ್ಲಿ ಒಂದೇ ಕೂಗುತ್ತಿರುತ್ತದೆ. ಅದಕ್ಕೆ ಓಗೊಡುವವರು ಯಾರೂ ಇಲ್ಲ. "ಇನ್ನು ಇಲ್ಲಿ ಕಾಯೋಕೆ ಏನು ಉಳಿದಿದೆ ಅಮ್ಮಾ?" ಅಂತ ಡೆರೆಕ್ ಕೇಳುತ್ತಾನೆ.

ಮೊಟ್ಟೆ ಕದಿಯುವ ಆ ಬೀಚ್ ಮರದ ಕಾಗೆ ಜೋಡಿ ನಿನ್ನನ್ನು ಎಷ್ಟು ಆಟ ಆಡಿಸಿತ್ತು. ಅದಕ್ಕೀಗ ತಂತಿಬೋನು ಇಟ್ಟಿದ್ದಾಗಿದೆ. ಜೋಡಿಯನ್ನು ಸೆಳೆಯಲು ಒಳಗೆ ಕೂರಿಸಿದ ಜೀವಂತ ಕಾಗೆಯನ್ನು ಕಣಿವೆಯಾಚೆಯ ಕಾವಲುಗಾರ ಆರ್ಚಿಯ ಹತ್ತಿರ ಎರವಲು ತಂದದ್ದು. ನೀನೇ ಹೇಳುತ್ತಿದ್ದೆಯಲ್ಲ, "ಇಲ್ಲಿನ ಕಾಗೆ ಇಟ್ರೆ ಆ ಜೋಡಿ ತಿರುಗಿನೂ ನೋಡಲ್ಲ ಕಣೇ, ಗುರುತು ಪರಿಚಯ ಇರುತ್ತೆ. ದೂರದ್ದನ್ನ ತಂದಿಡು. ನಮ್ಮ ಜಾಗಕ್ಕೆ ಬರೋಕೆ ನೀನ್ಯಾವನೋ ಅಂತ ಮೇಲೆ ಬಿದ್ದು ಬರ್ತಾವೆ" ಅಂತ. ಹಾಗೇ ಆಯಿತು. ಹೆಣ್ಣು ಕಾಗೆ ಮೊದಲು ಬಿತ್ತು, ಗಂಡು ಇನ್ನೂ ಮರದಲ್ಲಿದೆ. ಆದರೆ ಸತ್ತದ್ದನ್ನು ನೀನು ಮಾಡುತ್ತಿದ್ದ ಹಾಗೆ ಧಣಿಗೆ ಕಾಣಲೆಂದು ಬೇಲಿಯ ತಂತಿಗೆ ನೇತುಹಾಕುವುದಿಲ್ಲ ಈ ಡೆರೆಕ್, ಗುಂಡಿ ತೋಡಿ ಹೂಳುತ್ತಾನೆ. ಎಂಥ ಕಾವಲುಗಾರನೋ.

ಇದನ್ನೆಲ್ಲ ಓದಿ ನಿನ್ನ ಮೈ ಉರಿಯುತ್ತಿದ್ದರೆ ಬಸ್ಸು ಹತ್ತಿ ಬಾ. ಬಂದು ಅವನ ಕತ್ತಿನ ಪಟ್ಟಿ ಹಿಡಿದು ಆಚೆಗೆ ದಬ್ಬು. ನಾನು ಅಡ್ಡ ಬರುವುದಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಕಪ್ಪಾಗಿದೆ.

ಇಂತಿ,
ಇವತ್ತಿನವರೆಗೂ ನಿನ್ನ ಹೆಂಡತಿಯೇ ಆಗಿರುವ
ನೋರಾ

ಮ.ಮಾ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಡೆರೆಕ್ ಅನ್ನುವವನು ಯಾರೂ ಇಲ್ಲ, ವಿಲ್ಫ್. ನಿನ್ನ ಕೋಟು ಹಾಕಿಕೊಂಡು ಸುತ್ತು ಹೊಡೆಯುತ್ತಿರುವವಳು ನಾನು. ಹೆಬ್ಬೆರಳನ್ನು ಕಚ್ಚಿದ್ದು ಸುರಂಗದ ಬೋನು. ಧಣಿಗಳು ಹೇಳಿದ ಸುಗ್ಗಿಯ ಗಡುವು ಮಾತ್ರ ನಿಜ. ಅಲ್ಲಿಯವರೆಗೆ ಬೋನು ನೋಡುವವರು ಯಾರು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೂರದ ಕಾಗೆಯೊಂದನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿದರೆ ನೀನು ಮೇಲೆ ಬಿದ್ದು ಬರುತ್ತೀಯ ಅಂದುಕೊಂಡೆ.

ಈ ಸಂಜೆ ಬೀಚ್ ಮರದ ಗಂಡು ಕಾಗೆ ಕೆಳಗಿನ ಕೊಂಬೆಗೆ ಇಳಿದು ಕೂತಿತು. ಬೋನಿನೊಳಗಿನ ಪರಕಾಗೆಯನ್ನು ತುಂಬ ಹೊತ್ತು ನೋಡಿತು. ಮೇಲೆ ಬಿದ್ದು ಬರಲಿಲ್ಲ. ಆಮೇಲೆ ಎದ್ದು ಸಮುದ್ರದ ಕಡೆ, ನೀನಿರುವ ಕಡೆಗೆ ಹಾರಿಹೋಯಿತು. ನಾನು ಬೋನಿನ ಕಾಗೆಗೆ ಕಾಳು ಹಾಕಿ, ನೀರು ಬದಲಾಯಿಸಿ ಮನೆಗೆ ಬಂದೆ.