ಗಾಜಿನ ಮುಖದ ಪೆಟ್ಟಿಗೆ

ಅಣ್ಣಾ ನಗರ, ಚೆನ್ನೈ
೧೯ ಜೂನ್ ೨೦೨೫

ಪ್ರೀತಿಯ ನಂದೂ,

ಅಕ್ಕನ ಆಶೀರ್ವಾದ. ನೀನೂ ಮಧ್ವರಾಜನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮೂರು ವಾರದಿಂದ ನಿನ್ನ ಫೋನು ಎತ್ತಿಲ್ಲ. ನೀನು ಕಳಿಸಿದ ಮೆಸೇಜಿಗೆಲ್ಲ ಕೈಮುಗಿಯುವ ಚಿತ್ರ ಹಾಕಿ ತಪ್ಪಿಸಿಕೊಂಡಿದ್ದೇನೆ. ಕ್ಷಮಿಸು. ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಾದರೆ ನಾನು ಶುರು ಮಾಡುವಷ್ಟರಲ್ಲಿ "ಬಿಡಕ್ಕ, ಆಗಿದ್ದು ಆಯ್ತು" ಅಂದುಬಿಡುತ್ತೀಯ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಸೆಕೆ ಇನ್ನೂ ಇಳಿದಿಲ್ಲ. ನಿನ್ನ ಭಾವನಿಗೆ ಮಣಲಿಯ ಕಾರ್ಖಾನೆಯಲ್ಲಿ ಈ ವಾರ ಬೆಳಗಿನ ಪಾಳಿ. ನನಗೆ ಬ್ಯಾಂಕು, ಮಂಡಿನೋವು, ಎರಡೂ ಮಾಮೂಲು. ಶ್ರೀಯಾಳ ವಿಷಯವೇ ಹೇಳಬೇಕಾದದ್ದು.

ಪ್ಲಸ್ ಟೂ ಮುಗಿಸಿ ಡಿಸೈನ್ ಕಾಲೇಜಿಗೆ ಅರ್ಜಿ ಹಾಕುತ್ತೇನೆ, ಅನಿಮೇಷನ್ ಮಾಡಿ ಕಳಿಸಬೇಕು, ಕಂಪ್ಯೂಟರ್ ಬೇಕು ಅಂದಳಲ್ಲ, ಆಗ ನಾನು ಹೇಳಿದ್ದು ಲ್ಯಾಪ್‌ಟಾಪು. ಅದೇ ದುಡ್ಡಿಗೆ ಬಿಡಿಬಿಡಿಯಾಗಿ ಕೊಂಡು ಜೋಡಿಸಿದರೆ ಎರಡು ಪಟ್ಟು ಕೆಲಸ ಮಾಡುತ್ತೆ, ಚಿಕ್ಕಮ್ಮನನ್ನು ಕೇಳುತ್ತೇನೆ ಅಂದಳು. ಕೇಳಲಿ, ತಪ್ಪೇನು? ಇಪ್ಪತ್ತು ವರ್ಷದಿಂದ ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವಳು ನೀನು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗೆದ್ದರೆ ನೀನೇ. ಈಗ ಗ್ರಾಫಿಕ್ಸ್ ಕಾರ್ಡು ಬೇಡ, ಅದು ಒಳಗೇ ಇರುವ ಪ್ರೊಸೆಸರ್ ಸಾಕು ಅಂದೆ ನೀನು. ಪವರ್ ಸಪ್ಲೈಯಲ್ಲಿ ಮಾತ್ರ ಜುಗ್ಗತನ ಮಾಡಬೇಡಿ ಅಂದೆ. "ಅದು ಚೆನ್ನೈ ಪುಟ್ಟಿ, ಗಾಳಿಯಾಡೋಕೆ ಮುಂದೆ ಜಾಲರಿ ಇರೋ ಕ್ಯಾಬಿನೆಟ್ಟೇ ತಗೋ, ಬಣ್ಣದ ಲೈಟಿಗೆ ಮರುಳಾಗಬೇಡ" ಅಂದೆ. ನಾನು ಸೊಪ್ಪು ಬಿಡಿಸುತ್ತ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಆ ಶನಿವಾರ ಬಿಡಿಭಾಗ ಕೊಳ್ಳಲು ರಿಚ್ಚಿ ಸ್ಟ್ರೀಟಿಗೆ ಹೋದೆವಲ್ಲ, ನಿನಗೆ ಕಂಡದ್ದು ಅಂಗಡಿ ಮಾತ್ರ. ಮಗಳ ಕೈಯ ಫೋನಿನಲ್ಲಿ ನಿನ್ನ ಮುಖ, ನನ್ನ ಕೈಯಲ್ಲಿ ಚೀಲ. ಅಂಗಡಿಯವನ ತಮಿಳನ್ನು ಅವಳು ನಿನಗೆ ಹೇಳುವುದು, ನಿನ್ನ ಮಾತನ್ನು ಅವನಿಗೆ ಹೇಳುವುದು. ಫೋನಿನಲ್ಲಿರುವ ಮೇಡಮ್ಮು ಎಂಜಿನಿಯರಾ ಅಂತ ಅವನು ಕೇಳಿದ. ಅವಳು ಹೆಮ್ಮೆಯಿಂದ ತಲೆಯಾಡಿಸಿದಳು. ಆಮೇಲೆ ಅವನು ನನ್ನ ಕಡೆ ತಿರುಗಿ, "ಅಮ್ಮಾ, ನೀಂಗ ಫ್ಯಾನ್ ಕೀಳೇ ಉಕ್ಕಾರುಂಗ" ಎಂದು ಸ್ಟೂಲು ತೋರಿಸಿದ. ಫ್ಯಾನಿನ ಕೆಳಗೆ ಹೋಗಿ ಕೂತೆ. ಹೆತ್ತವಳು ನಾನು, ಸಾಮಾನು ಕಾಯುವವಳ ಹಾಗೆ.

ಜಾಲರಿಯ ಕ್ಯಾಬಿನೆಟ್ಟು ಮುಗಿದಿತ್ತು, ಮುಂದಿನ ವಾರ ಬರುತ್ತೆ ಅಂದ. ಪಕ್ಕದಲ್ಲಿ ಎದುರಿಗೂ ಗಾಜು, ಬದಿಗೂ ಗಾಜು ಇದ್ದ ಇನ್ನೊಂದಿತ್ತು. ಒಳಗೆ ಮೂರು ಫ್ಯಾನು ಕಾಮನಬಿಲ್ಲಿನಂತೆ ಹೊಳೆಯುತ್ತಿದ್ದವು. ಶ್ರೀಯಾ ಅದರ ಮುಂದೆ ಎರಡು ಸಲ ಹೋಗಿ ನಿಂತಳು. ನಿನಗೆ ಅದು ಕಾಣಲಿಲ್ಲ. ನನಗೆ ಕಂಡಿತು.

ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋಗಿ ಅದನ್ನು ತಂದೆ. ಅವಳು ಮೊದಲು ಕೇಳಿದ್ದು ನಿನಗೆ ಗೊತ್ತೋ ಇಲ್ಲವೋ ಎಂದು. ನನ್ನ ಬಾಯಿಂದ ಥಟ್ಟನೆ ಬಂತು: "ಚಿಕ್ಕಮ್ಮನ್ನ ಕೇಳಿದೆ ಕಣೇ, ಆಗಬಹುದು ಅಂದ್ಲು." ಅವಳು ನನ್ನನ್ನು ತಬ್ಬಿಕೊಂಡಳು. ಅವಳು ಹಾಗೆ ತಬ್ಬಿ ಎಷ್ಟು ವರ್ಷವಾಗಿತ್ತು ಗೊತ್ತಾ?

ಜೋಡಿಸುವ ದಿನ ನೀನು ವಿಡಿಯೋದಲ್ಲಿ ಆ ಪೆಟ್ಟಿಗೆ ನೋಡಿದೆ. ನೀನೇ ಒಪ್ಪಿದೆಯಂತೆ ಎಂದು ಅವಳು ಅಂದಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನೀನು ಅಲ್ಲಗಳೆಯದೆ, "ಹ್ಞೂಂ ಪುಟ್ಟಿ. ಬಿಸಿ ಮಾತ್ರ ನೋಡ್ಕೊ. ಮಾಡಿದ್ದನ್ನ ಆಗಾಗ ಪೆನ್‌ಡ್ರೈವಿಗೂ ಹಾಕಿಡು" ಅಂದೆ. ನನ್ನ ಮಾನ ಉಳಿಸಿದೆ. ಅದಕ್ಕೂ ನಿನ್ನ ಮೇಲೆ ಸಿಟ್ಟು ಬಂತು ನಂದೂ. ನೀನು ಅಷ್ಟು ಒಳ್ಳೆಯವಳಾಗುವ ಅಗತ್ಯವೇನಿತ್ತು?

ಮೇ ತಿಂಗಳಲ್ಲಿ ಅವಳು ಹಗಲೆಲ್ಲ ಆ ಮೇಜಿನ ಮುಂದೆಯೇ. ಪೆಟ್ಟಿಗೆ ಮಿಕ್ಸಿಯಂತೆ ಅರಚುತ್ತಿತ್ತು. ಇಪ್ಪತ್ತನೇ ತಾರೀಕು ಮಧ್ಯಾಹ್ನ ಪ್ರೊಸೆಸರಿನ ಶಾಖ ತೊಂಬತ್ತೆಂಟು ಡಿಗ್ರಿಗೆ ಹೋಗಿ, ಕೆಲಸ ಸೇವ್ ಆಗುತ್ತಿರುವಾಗಲೇ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಫೈಲು ತೆರೆಯಲೇ ಇಲ್ಲ. ಪೆನ್‌ಡ್ರೈವಿನಲ್ಲಿದ್ದದ್ದು ಹನ್ನೆರಡು ದಿನದ ಹಿಂದಿನದು. ಅರ್ಜಿಗೆ ಉಳಿದಿದ್ದದ್ದು ಐದೇ ದಿನ.

ನಿನ್ನ ಭಾವ ಬಂದು ಗಾಜಿನ ಮುಂದೆ ಅಂಗೈ ಹಿಡಿದು ನೋಡಿದರು. "ಫ್ಯಾನೇನೋ ತಿರುಗ್ತಿದೆ, ಗಾಳಿ ಎಳ್ಕೊಳ್ಳೋಕೆ ಜಾಗ ಎಲ್ಲಿದೆ? ಇದಕ್ಕೆ ಮೂಗೇ ಇಲ್ವಲ್ಲ! ಯಾರು ಹೇಳಿದ್ದು ಇದನ್ನ ತಗೊಳ್ಳೋಕೆ?"

"ಚಿಕ್ಕಮ್ಮಾ ದಾನ್ ಓಕೆ ಸೊನ್ನಾಂಗ" ಅಂದಳು ಮಗಳು, ಚಿಕ್ಕಮ್ಮನೇ ಒಪ್ಪಿದ್ದು ಅಂತ. ನಾನು ಟೇಬಲ್ ಫ್ಯಾನು ತರಲು ಒಳಗೆ ಹೋದೆ.

ಅವಳು ಫೋನು ಮಾಡಿ ನಿನ್ನ ಮೇಲೆ ಕೂಗಾಡಿದಳು. ನೀನು "ನಂದೇ ತಪ್ಪು ಪುಟ್ಟಿ" ಅಂದೆಯಂತೆ. ಅಂದಿನಿಂದ ಅವಳು ನಿನ್ನ ಹತ್ತಿರ ಮಾತು ಬಿಟ್ಟಳು.

ಇನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತೆ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಬದಿಯ ಗಾಜು ಕಳಚಿ ಟೇಬಲ್ ಫ್ಯಾನು ಹಚ್ಚಿಟ್ಟು, ಮಜ್ಜಿಗೆ ಕೊಟ್ಟು, ಅವಳ ಪಕ್ಕದಲ್ಲೇ ಕೂತಿದ್ದೆ. ಈ ಬಣ್ಣ ಸರೀನಾ, ಈ ಹಕ್ಕಿ ಸರೀನಾ ಎಂದು ನನ್ನನ್ನು ಕೇಳುತ್ತಿದ್ದಳು. ಬೇರೆ ಯಾರಿದ್ದರು ಕೇಳಲು? ಮೂರು ನಿಮಿಷದ ಚಿತ್ರ ಒಂದೂಕಾಲು ನಿಮಿಷಕ್ಕೆ ನಿಂತಿತು. ಅಷ್ಟನ್ನೇ ಕಳಿಸಿದಳು. ಹೋದ ಶುಕ್ರವಾರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ.

ಅಳಲಿಲ್ಲ ಅವಳು. ಮೌಸಿನ ವೈರನ್ನು ಸುತ್ತಿ ಸುತ್ತಿ ಇಟ್ಟಳು. ಅದು ನೋಡಲಾಗಲಿಲ್ಲ. ಭಾನುವಾರ ಕಾಫಿ ಕೊಟ್ಟು ಎಲ್ಲ ಹೇಳಿದೆ. ನಿನ್ನನ್ನು ಕೇಳಿಯೇ ಇರಲಿಲ್ಲ, ಸುಳ್ಳು ಹೇಳಿದ್ದು ನಾನು ಅಂತ.

ಲೋಟ ಕೆಳಗಿಟ್ಟು, "ಚಿಕ್ಕಮ್ಮಾಕ್ಕು ತೆರಿಯುಮಾ?" ಅಂದಳು.

"ಗೊತ್ತು. ಅವತ್ತೇ ಗೊತ್ತಾಯ್ತು."

"ಅಪ್ಪುರಂ ಏನ್ ಸೊಲ್ಲಲೆ?"

ಮತ್ತೆ ಯಾಕೆ ಹೇಳಲಿಲ್ಲ ಅಂತ. "ನಂಗೋಸ್ಕರ" ಅಂದೆ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಅವಳೇ ಜಾಲರಿಯ ಕ್ಯಾಬಿನೆಟ್ಟು ತಂದಳು. ಪ್ರೊಸೆಸರಿನ ಬಿಸಿ ಎಳೆಯುವ ಹಳೇ ಅಂಟನ್ನು ಒರೆಸಿ, ನೀನು ಕಲಿಸಿದ ಹಾಗೆ ಬಟಾಣಿಕಾಳಿನಷ್ಟು ಹೊಸದು ಹಚ್ಚಿ, ಎಲ್ಲ ಬಿಚ್ಚಿ ಜೋಡಿಸಿದಳು. ನಾನು ಸ್ಕ್ರೂಗಳ ತಟ್ಟೆ ಹಿಡಿದು ನಿಂತಿದ್ದೆ. ಹೋಗು ಅನ್ನಲಿಲ್ಲ, ಮಾತೂ ಆಡಲಿಲ್ಲ. ಈಗ ಎಷ್ಟು ಕೆಲಸ ಕೊಟ್ಟರೂ ಎಪ್ಪತ್ತೆರಡು ಡಿಗ್ರಿ ದಾಟುತ್ತಿಲ್ಲ. ಒಂದು ವರ್ಷ ಇದರಲ್ಲೇ ಕಲಿತು ಮುಂದಿನ ಸಲ ಮತ್ತೆ ಅರ್ಜಿ ಹಾಕುತ್ತಾಳಂತೆ. ಅದನ್ನು ಹೇಳಿದ್ದು ಅವರಪ್ಪನ ಹತ್ತಿರ.

ನಿನಗೆ ಫೋನು ಮಾಡಲು ಅವಳಿಗೆ ಮುಖವಿಲ್ಲ. ನೀನೇ ಮಾಡು. ನಾನು ಬ್ಯಾಂಕಿನಲ್ಲಿರುವ ಹೊತ್ತಿಗೆ ಮಾಡು, ನನ್ನನ್ನು ನಾನು ನಂಬುವುದಿಲ್ಲ. ಅವಳಿಗೆ ಏನು ಬೇಕೋ ಕಲಿಸು. ನಿನ್ನ ಕೈ ಹಿಡಿದು ನಡೆದರೆ ನನ್ನ ಮಗಳು ಕೆಡುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಹೊಟ್ಟೆ ಉರಿಯುತ್ತೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಧ್ವರಾಜನಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಕ್ಕ,
ಅನಸೂಯ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ಪೆಟ್ಟಿಗೆ ತಂದ ಹಿಂದಿನ ದಿನ ಸಂಜೆ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ರೂಮಿನಲ್ಲಿ ಅವಳು ನಿನ್ನ ಹತ್ತಿರ ಮಾತಾಡುತ್ತಿದ್ದಳು. "ಚಿಕ್ಕಮ್ಮ, ನಂಗೆ ತುಂಬಾ ಭಯ ಆಗ್ತಿದೆ ಕಣೇ. ಸೀಟು ಸಿಗದೇ ಹೋದ್ರೆ? ಅಮ್ಮಂಗೆ ಹೇಳ್ಬೇಡ." ಕನ್ನಡದಲ್ಲಿ. ನಮ್ಮಮ್ಮ ಆಡುತ್ತಿದ್ದಂಥದೇ ಕನ್ನಡ. ಮುಂಚೆ ನಿನ್ನ ಹತ್ತಿರ ಇಂಗ್ಲಿಷೇ ಆಡುತ್ತಿದ್ದವಳು. ಹದಿನೇಳು ವರ್ಷ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಲ್ಲೇ ಉತ್ತರ ಕೊಟ್ಟವಳು. ನಿನಗೆ ತಮಿಳು ಅರ್ಥವಾಗುವುದಿಲ್ಲ, ಅದಕ್ಕೆ ಅಂತ ನಿನ್ನ ಭಾವ ಹೇಳಿದರು. ಇರಬಹುದು. ಮಗಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಬರುತ್ತೆ ನಂದೂ. ನನ್ನ ಹತ್ತಿರ ಬರುವುದಿಲ್ಲ, ಅಷ್ಟೇ.